ಬೋರ್ಡು ಬರೆಯುತ್ತಿದ್ದವನು ಫೋಟೋ ತೆಗೆದದ್ದು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮೈಕಿನ ಮುಂದೆ ನಿಂತು ನನಗೆ ಅಭ್ಯಾಸವಿಲ್ಲ. ಇಂಥ ಸಭೆಗಳಲ್ಲಿ ನನ್ನ ಜಾಗ ಅಲ್ಲಿ, ಆ ಮೂಲೆಯಲ್ಲಿ. ಒಂದು ಕಾಲು ಬೆಂಚಿನ ಮೇಲೆ, ಇನ್ನೊಂದು ಕಾಲು ಕಿಟಕಿಯ ಮೇಲೆ. ಮೂವತ್ತೈದು ವರ್ಷದಲ್ಲಿ ಎಷ್ಟು ಸನ್ಮಾನ ನೋಡಿದ್ದೇನೋ ಲೆಕ್ಕವಿಲ್ಲ. “ಸಾರ್, ಇನ್ನೊಂದು ಸಲ ಶಾಲು ಹೊದಿಸಿ, ಫ್ಲ್ಯಾಶ್ ಬರಲಿಲ್ಲ” ಎಂದು ಹೇಳುವವನು ನಾನು. ಇವತ್ತು ನನಗೇ ಶಾಲು ಹೊದಿಸಿದಿರಿ. ಫೋಟೋ ತೆಗೆದ ಹುಡುಗ ಒಂದೇ ಸಲಕ್ಕೆ ತೆಗೆದುಬಿಟ್ಟ. ಕಾಲ ಮುಂದುವರಿದಿದೆ.

ಮುಖ್ಯೋಪಾಧ್ಯಾಯಿನಿಯವರು ಫೋನ್ ಮಾಡಿ, “ಫೋಟೋಗ್ರಫಿಯಲ್ಲಿ ಹೇಗೆ ಮುಂದೆ ಬಂದಿರಿ ಅಂತ ನಮ್ಮ ಮಕ್ಕಳಿಗೆ ಹೇಳಿ” ಎಂದರು. ಒಪ್ಪಿಕೊಂಡೆ. ಆಮೇಲೆ ಯೋಚನೆ ಹತ್ತಿತು. ಫೋಟೋಗ್ರಾಫರ್ ಆಗಬೇಕು ಎಂದು ನಾನು ಒಂದು ದಿನವೂ ಅಂದುಕೊಂಡವನಲ್ಲ. 1984ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಈ ಗೇಟು ದಾಟಿದಾಗ ನಾನು ಕ್ಯಾಮೆರಾ ಮುಟ್ಟಿಯೂ ಇರಲಿಲ್ಲ. ಬಯಸಿದ್ದು ಬೇರೆ, ಆದದ್ದು ಬೇರೆ. ಅದು ಹೇಗೆ ಆಯಿತು ಅನ್ನುವುದನ್ನಷ್ಟೇ ಹೇಳಬಲ್ಲೆ. ಅದರಲ್ಲಿ ಈ ಶಾಲೆಯ ಪಾಲೂ ಇದೆ, ಒಂದು ಋಣವೂ ಇದೆ.

ಆಗ ಈ ಶಾಲೆಗೆ ಹತ್ತು ವರ್ಷ. ಎರಡು ಕೊಠಡಿಗೆ ಮಂಗಳೂರು ಹೆಂಚು, ಉಳಿದದ್ದಕ್ಕೆ ಶೀಟು. ಮಳೆ ಬಂದರೆ ಶೀಟಿನ ಸದ್ದಿಗೆ ಪಾಠ ಕೇಳಿಸುತ್ತಿರಲಿಲ್ಲ, ಡ್ರಾಯಿಂಗ್ ಪೀರಿಯಡ್ ಮಾತ್ರ ನಡೆಯುತ್ತಿತ್ತು. ಡ್ರಾಯಿಂಗ್ ಮೇಷ್ಟ್ರು ಎಂದರೆ ಸಾಕು, ನಮ್ಮ ಕಾಲದವರಿಗೆ ಹೆಸರು ಬೇಕಿಲ್ಲ. ಒಂದು ಹಿತ್ತಾಳೆ ಚೆಂಬು ತಂದು ಮೇಜಿನ ಮೇಲಿಟ್ಟು, “ಬರೀಬೇಡ್ರೋ, ಮೊದಲು ನೋಡ್ರೋ” ಅನ್ನುತ್ತಿದ್ದರು. ನಲವತ್ತು ನಿಮಿಷ ಚೆಂಬು ನೋಡುವುದು ಎಂದರೇನು? ನಮಗೆ ನಗು. ಪೀರಿಯಡ್ ಮುಗಿಯುವಾಗ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುವರು: “ಬೆಳಕು ಯಾವ ಕಡೆಯಿಂದ ಬರ್ತಿದೆ? ನೆರಳಿನ ಕಡೆ ಚೆಂಬಿನ ಅಂಚು ಕಾಣುತ್ತೋ, ಇಲ್ವೋ? ಯಾಕೆ ಕಾಣುತ್ತೆ?” ಕಾಣುತ್ತಿತ್ತು. ಬಿಳಿ ಗೋಡೆಯಿಂದ ಬೆಳಕು ವಾಪಸು ಬಂದು ಚೆಂಬಿನ ಕತ್ತಲ ಕಡೆಗೂ ಒಂದು ಗೆರೆ ಎಳೆಯುತ್ತಿತ್ತು. ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ಫೀಸನ್ನೂ ಅವರೇ ಕಟ್ಟಿದರು. ಅದರಲ್ಲಿ ಪಾಸಾದೆ. ಗಣಿತದಲ್ಲಿ ಡುಮ್ಕಿ ಹೊಡೆದೆ. ಗಣಿತದ ಮೇಷ್ಟ್ರು ಅಲ್ಲಿ ಮೊದಲ ಸಾಲಿನಲ್ಲೇ ಕೂತಿದ್ದಾರೆ, ಅವರ ತಪ್ಪೇನೂ ಇಲ್ಲ.

ಹಾಗಾಗಿ ತಿಪಟೂರಿನಲ್ಲಿ ಬೋರ್ಡು ಬರೆಯುವವರೊಬ್ಬರ ಹತ್ತಿರ ಸೇರಿದೆ. ದಿನಕ್ಕೆ ಐದು ರೂಪಾಯಿ, ಮಧ್ಯಾಹ್ನದ ಊಟ. ಮೊದಲ ಆರು ತಿಂಗಳು ತಗಡು ಉಜ್ಜುವುದು, ಬ್ರಷ್ ತೊಳೆಯುವುದು, ದಾರಕ್ಕೆ ಸೀಮೆಸುಣ್ಣ ಬಳಿದು ಎರಡು ಕಡೆ ಹಿಡಿದು ಟಪ್ ಎಂದು ಬಿಟ್ಟು ಗೆರೆ ಹೊಡೆಯುವುದು. ಆಮೇಲೆ ಅಕ್ಷರ. ಕನ್ನಡದಲ್ಲಿ ಬೋರ್ಡು ಬರೆಯುವ ಕಷ್ಟ ಇಂಗ್ಲಿಷಿನವರಿಗೆ ಗೊತ್ತಿಲ್ಲ. ಅವರಿಗೆ ಮೇಲೊಂದು ಗೆರೆ, ಕೆಳಗೊಂದು ಗೆರೆ, ಮುಗಿಯಿತು. ನಮಗೆ ಕೆಳಗೆ ಒತ್ತಕ್ಷರ, ಮೇಲೆ ಗುಡಿಸು. ‘ಲಕ್ಷ್ಮೀ ಸ್ಟೋರ್ಸ್’ ಎಂದು ಬರೆಯಬೇಕಾದವನು ಮೊದಲು ‘ಕ್ಷ್ಮೀ’ಗೆ ಎಷ್ಟು ಜಾಗ ಬೇಕು ಎಂದು ಅಳೆದುಕೊಂಡೇ ‘ಲ’ಕ್ಕೆ ಕೈ ಹಾಕಬೇಕು. ಇಲ್ಲದಿದ್ದರೆ ಒತ್ತಕ್ಷರ ಹೋಗಿ ಅಂಗಡಿಯವನ ಹೆಸರಿನ ಮೇಲೆ ಕೂರುತ್ತದೆ. ಚೌಕಟ್ಟಿನೊಳಗೆ ಏನು ಎಲ್ಲಿರಬೇಕು, ಖಾಲಿ ಜಾಗ ಎಷ್ಟು ಬಿಡಬೇಕು ಅನ್ನುವುದನ್ನು ನಾನು ಕಲಿತದ್ದು ಕ್ಯಾಮೆರಾದಲ್ಲಲ್ಲ, ತಗಡಿನ ಮೇಲೆ.

ಈ ಶಾಲೆಯ ಬೋರ್ಡನ್ನೂ ನಾನೇ ಬರೆದೆ. ಈಗಿರುವ ಫ್ಲೆಕ್ಸ್ ಅಲ್ಲ, ಅದಕ್ಕೆ ಮುಂಚಿನದು. ಏಣಿ ಇಳಿದು ಹೆಮ್ಮೆಯಿಂದ ನೋಡುತ್ತಾ ನಿಂತಿದ್ದಾಗ ಕನ್ನಡ ಮೇಷ್ಟ್ರು ಬಂದು, “ಏನಪ್ಪಾ, ‘ಢ’ದ ಹೊಟ್ಟೆ ಸೀಳೋದು ಮರೆತುಬಿಟ್ಯಾ?” ಎಂದರು. ‘ಪ್ರೌಡಶಾಲೆ’ ಎಂದು ಬರೆದಿದ್ದೆ. ಮತ್ತೆ ಏಣಿ ಹತ್ತಿದೆ.

ಬೋರ್ಡಿನ ಕೆಲಸ ವರ್ಷವಿಡೀ ಇರುತ್ತಿರಲಿಲ್ಲ. ಬೇಸಿಗೆಯಲ್ಲಿ ಊರೂರಲ್ಲಿ ನಾಟಕ. ನಮ್ಮ ಕಡೆಯ ‘ಕುರುಕ್ಷೇತ್ರ’ದ ಹುಚ್ಚು ನಿಮಗೆ ಗೊತ್ತೇ ಇದೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲಿ ಉಳಿದು ಕಲಿಸುವುದು, ದುರ್ಯೋಧನನ ಪಾತ್ರಕ್ಕೆ ಪೈಪೋಟಿ, ಕೊಬ್ಬರಿ ಮಾರಿದ ದುಡ್ಡು ಕಿರೀಟಕ್ಕೆ ಹೋಗುವುದು. ಈ ನಾಟಕಗಳಿಗೆ ಸೀನರಿ ಬಾಡಿಗೆಗೆ ಕೊಡುವವರಿದ್ದರು. ಅವರ ಹಳೆಯ ಪರದೆಗಳು ಹರಿದರೆ, ಮಾಸಿದರೆ ನಾವು ಹೋಗಿ ಬರೆದುಕೊಡುತ್ತಿದ್ದೆವು. ದರ್ಬಾರು, ಬೀದಿ, ಕಾಡು, ಅಂತಃಪುರ. ಕಾಯಿಸಿದ ಅಂಟಿನಲ್ಲಿ ಪುಡಿ ಬಣ್ಣ ಕಲಸಿ ಬಳಿಯುವುದು. ಹಸಿಯಿದ್ದಾಗ ಕಡು ಬಣ್ಣ, ಒಣಗಿದರೆ ತಿಳಿ. ಒಣಗಿದ ಮೇಲೆ ಹೇಗಿರುತ್ತದೆ ಎಂದು ಹಸಿಯಿದ್ದಾಗಲೇ ಊಹಿಸಬೇಕು.

ನಾನು ಮೊದಲು ಬರೆದ ಕಾಡಿನ ಸೀನು ಹಗಲಿನಲ್ಲಿ ನೋಡಿದವರೆಲ್ಲ ಭೇಷ್ ಅಂದರು. ರಾತ್ರಿ ಹಳದಿ ಬಲ್ಬು ಹಾಕಿದಾಗ ನನ್ನ ನೀಲಿ ಆಕಾಶ ಬೂದಿ ಬಣ್ಣಕ್ಕೆ ತಿರುಗಿ ಹೊಗೆ ಹಿಡಿದ ಗೋಡೆಯ ಹಾಗಾಯಿತು. ಸೀನರಿ ಯಜಮಾನರು ಬೈಯಲಿಲ್ಲ. “ಬಣ್ಣ ಅನ್ನೋದು ಡಬ್ಬೀಲಿ ಇರಲ್ಲ ಕಣೋ, ಬೆಳಕಲ್ಲಿರತ್ತೆ. ರಾತ್ರಿ ಆಡೋ ನಾಟಕದ ಪರದೆನ ರಾತ್ರೀಲೇ ಬರಿ” ಎಂದರು. ಅಲ್ಲಿಂದ ಮುಂದೆ ನಾನು ಬಲ್ಬು ಹಾಕಿಕೊಂಡೇ ಬರೆದದ್ದು. ಬೆಳಗಿನ ಜಾವದವರೆಗೂ ಸೈಡ್‌ವಿಂಗಿನಲ್ಲಿ ಕೂತು, ಒಂದು ಮುಖಕ್ಕೆ ಕೆಳಗಿನಿಂದ ಬೆಳಕು ಬಿದ್ದರೆ ಶಕುನಿ, ಪಕ್ಕದಿಂದ ಬಿದ್ದರೆ ಕರ್ಣ ಹೇಗಾಗುತ್ತಾನೆ ಎಂದು ನೋಡುತ್ತಿದ್ದೆ. ಪಾತ್ರಧಾರಿ ಒಬ್ಬನೇ, ನಮ್ಮೂರಿನ ಮಾಮೂಲು ಮನುಷ್ಯ.

ಇಲ್ಲಿ ಒಂದು ಮಾತು ಸೇರಿಸಿಬಿಡುತ್ತೇನೆ, ಎಷ್ಟೋ ವರ್ಷದ ಮೇಲೆ ಓದಿ ತಿಳಿದದ್ದು. ಫೋಟೋ ಎನ್ನುವುದನ್ನು 1839ರಲ್ಲಿ ಜಗತ್ತಿಗೆ ತೋರಿಸಿದ ಫ್ರಾನ್ಸಿನ ಡಾಗೇರ್ ಯಾರು? ನಾಟಕದ ಸೀನರಿ ಬರೆಯುತ್ತಿದ್ದವನು! ಪ್ಯಾರಿಸ್ಸಿನಲ್ಲಿ 1822ರಲ್ಲಿ ದೊಡ್ಡ ದೊಡ್ಡ ಪರದೆ ಬರೆದು, ಅದರ ಮೇಲೆ ಬೆಳಕು ಬದಲಾಯಿಸಿ, ಹಗಲನ್ನು ರಾತ್ರಿ ಮಾಡಿ ತೋರಿಸಿ ದುಡ್ಡು ಮಾಡುತ್ತಿದ್ದ. ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿ ಬೇರೆ ದಾರಿಯಿಂದ ಫೋಟೋ ಕಂಡುಹಿಡಿದ ಟಾಲ್ಬಟ್ ಚಿತ್ರ ಬರೆಯಲು ಬಾರದವನು. ಇಟಲಿಯ ಕೋಮೋ ಸರೋವರದ ದಡದಲ್ಲಿ ಕೂತು 1833ರಲ್ಲಿ ಚಿತ್ರ ಬರೆಯಲು ಹೋಗಿ, ಕೈ ಸೋತು, ಈ ದೃಶ್ಯ ತಾನೇ ಕಾಗದದ ಮೇಲೆ ಮೂಡುವಂತಿದ್ದರೆ ಎಂದು ಯೋಚಿಸಿದವನು. ಒಬ್ಬ ಚೆನ್ನಾಗಿ ಬರೆಯುತ್ತಿದ್ದವನು, ಇನ್ನೊಬ್ಬ ಬರೆಯಲಾರದವನು. ಡ್ರಾಯಿಂಗ್ ಬರುವುದಿಲ್ಲ ಎಂದು ಮುಖ ಸಣ್ಣ ಮಾಡಿಕೊಳ್ಳುವ ಮಕ್ಕಳು ಟಾಲ್ಬಟ್‌ನನ್ನು ನೆನಪಿಟ್ಟುಕೊಳ್ಳಿ.

ಸ್ಟುಡಿಯೋಗೆ ನಾನು ಹೋದದ್ದು ಅದರ ಬೋರ್ಡು ಬರೆಯುವುದಕ್ಕೆ. ಅಲ್ಲಿನ ಯಜಮಾನರು ನನ್ನ ಕೈ ನೋಡಿ ಒಳಗಿನ ಪರದೆಯನ್ನೂ ಬರೆಸಿದರು. ಕೊಳ, ಕಮಲ, ದೂರದಲ್ಲೊಂದು ಮೆಟ್ಟಿಲು. ಆಮೇಲೆ, “ಬೋರ್ಡು ಬಿಟ್ಟು ಇಲ್ಲೇ ಇರು, ರೀಟಚಿಂಗ್ ಹೇಳಿಕೊಡ್ತೀನಿ” ಎಂದರು.

ಮಕ್ಕಳಿಗೆ ರೀಟಚಿಂಗ್ ಎಂದರೆ ಏನೆಂದು ಹೇಳಬೇಕು. ಆಗ ಫೋಟೋ ಮೊದಲು ಫಿಲ್ಮಿನ ಮೇಲೆ ಮೂಡುತ್ತಿತ್ತು, ಅದೂ ತಲೆಕೆಳಗು ಬಣ್ಣದಲ್ಲಿ. ಕರಿ ಕೂದಲು ಬಿಳಿ, ಬಿಳಿ ಅಂಗಿ ಕರಿ. ಇದಕ್ಕೆ ನೆಗೆಟಿವ್ ಎಂದು ಹೆಸರು. ಮುಖದ ಸುಕ್ಕು, ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು ನೆಗೆಟಿವ್‌ನಲ್ಲಿ ತೆಳ್ಳಗೆ, ಪಾರದರ್ಶಕವಾಗಿ ಕಾಣುತ್ತಿದ್ದವು. ಆ ತೆಳು ಜಾಗವನ್ನು ಪೆನ್ಸಿಲ್ಲಿನಿಂದ ತುಂಬಿದರೆ ಪ್ರಿಂಟಿನಲ್ಲಿ ಅಲ್ಲಿ ಬೆಳ್ಳಗಾಗುತ್ತಿತ್ತು, ಸುಕ್ಕು ಮಾಯ. ಒಂದು ಇಳಿಜಾರು ಡೆಸ್ಕು, ನಡುವೆ ಮಂಜುಗಾಜು, ಕೆಳಗೊಂದು ಕನ್ನಡಿ ಕಿಟಕಿಯ ಬೆಳಕನ್ನು ಮೇಲಕ್ಕೆ ಕಳಿಸುವುದು. ಪೆನ್ಸಿಲ್ಲಿನ ಮೊನೆಯನ್ನು ಒಂದಂಗುಲ ಉದ್ದ ಬಿಟ್ಟು ಉಪ್ಪುಕಾಗದದ ಮೇಲೆ ಉಜ್ಜಿ ಸೂಜಿಯ ಹಾಗೆ ಮಾಡಿಕೊಳ್ಳಬೇಕು. ಉಸಿರು ಬಿಗಿಹಿಡಿದು ಚುಕ್ಕೆ ಇಡಬೇಕು. ಊಟಿಯಲ್ಲಿ ತಯಾರಾಗುತ್ತಿದ್ದ ‘ಇಂದು’ ಫಿಲ್ಮು, ಬ್ರೋಮೈಡ್ ಪೇಪರು, ಕತ್ತಲ ಕೋಣೆಯ ಕೆಂಪು ದೀಪ, ಹೈಪೋ ವಾಸನೆ... ಆ ವಾಸನೆ ಈಗಲೂ ನನ್ನ ಬೆರಳಲ್ಲಿದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಎರಡು ವರ್ಷದಲ್ಲಿ ನನ್ನ ಕೈ ಪಳಗಿತು. ಹೆಣ್ಣು ತೋರಿಸುವ ಫೋಟೋಗಳು ನನ್ನ ಡೆಸ್ಕಿಗೇ ಬರುತ್ತಿದ್ದವು. ಎಷ್ಟು ಹುಡುಗಿಯರ ಮೊಡವೆ ಅಳಿಸಿ ಮದುವೆ ಮಾಡಿಸಿದ್ದೇನೋ! ತೀರಿಕೊಂಡವರ ಫೋಟೋಗಳೂ ಬರುತ್ತಿದ್ದವು. ಬದುಕಿದ್ದಾಗ ಒಂದೂ ಫೋಟೋ ತೆಗೆಸದವರನ್ನು, ಸತ್ತ ಮೇಲೆ ಗೋಡೆಗೆ ಒರಗಿಸಿ ಕೂರಿಸಿ ತೆಗೆಸುತ್ತಿದ್ದರು. ಮುಚ್ಚಿದ ಕಣ್ಣಿನ ಮೇಲೆ ತೆರೆದ ಕಣ್ಣು ಬರೆಯುವುದು ನನ್ನ ಕೆಲಸ. ಅದಕ್ಕೆ ಬೇರೆ ರೇಟು.

1987ರ ಬೇಸಿಗೆಯಲ್ಲಿ ಒಬ್ಬ ತಾಯಿ ಸ್ಟುಡಿಯೋಗೆ ಬಂದರು. ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದು ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನ ಗ್ರೂಪ್ ಫೋಟೋ. ಮೂರು ವರ್ಷ ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗನ ತಾಯಿ. ಅವನ ಹೆಸರು ಹೇಳುವುದಿಲ್ಲ, ನನ್ನ ಜೊತೆಯವರಿಗೆ ಗೊತ್ತಾಗಿದೆ. ತೋಟದಲ್ಲಿ ಪಂಪ್‌ಸೆಟ್ಟಿನ ಮೋಟಾರು ಹಾಕಲು ಹೋಗಿ ಕರೆಂಟು ಹೊಡೆದು ಹೋಗಿಬಿಟ್ಟಿದ್ದ. ವರ್ಷದ ಕಾರ್ಯಕ್ಕೆ ಫೋಟೋ ಬೇಕಿತ್ತು. ಇದ್ದದ್ದು ಅದೊಂದೇ.

ಆ ಫೋಟೋದಲ್ಲಿ ಅರವತ್ತೆರಡು ಜನ. ಅವನ ಮುಖ ಒಂದು ಅವರೆಕಾಳಿನಷ್ಟು. ಅದೂ ಅಲುಗಿತ್ತು. ಆಗಿನ ಮರದ ಕ್ಯಾಮೆರಾಕ್ಕೆ, ಮರದ ನೆರಳಿನಲ್ಲಿ, ಅಷ್ಟು ಜನ ಸ್ಪಷ್ಟವಾಗಿ ಬರಬೇಕಾದರೆ ಎಲ್ಲರೂ ಅರೆಗಳಿಗೆ ಕಲ್ಲಿನ ಹಾಗೆ ನಿಲ್ಲಬೇಕಿತ್ತು. ಎಲ್ಲರೂ ನಿಂತಿದ್ದರು, ಅವನೊಬ್ಬನ ತಲೆ ಓರೆಯಾಗಿ ಮುಖ ಮಂಜಾಗಿತ್ತು. ಕಾರಣ ನಾನು. ಫೋಟೋದವರು “ರೆಡಿ” ಎಂದಾಗ ನಾನು ಅವನ ಪಕ್ಕೆಗೆ ಕಚಗುಳಿ ಇಟ್ಟಿದ್ದೆ. ಇದನ್ನು ಅವನ ತಾಯಿಗೆ ಹೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ಅವರೂ ಈಗಿಲ್ಲ. ಇವತ್ತು ಬೆಳಿಗ್ಗೆ ಅವನ ತಮ್ಮನಿಗೆ ಹೇಳಿ, “ಹೇಳಣ್ಣ, ಪರವಾಗಿಲ್ಲ” ಎಂದು ಅವನು ಅಂದ ಮೇಲೆ ನಿಮ್ಮೆದುರು ಹೇಳುತ್ತಿದ್ದೇನೆ.

ಯಜಮಾನರು ಆ ಮುಖವನ್ನು ದೊಡ್ಡದು ಮಾಡಿಕೊಟ್ಟರು. ಬರೀ ಬೂದು ಕಲೆ. “ನಿನ್ನ ಗೆಳೆಯ ಅಂತೀಯಲ್ಲ, ನೆನಪಿನಿಂದ ಬರಿ” ಎಂದರು. ಎಂಟು ದಿನ ಬರೆದೆ. ನನಗೆ ಬಂದ ವಿದ್ಯೆಯನ್ನೆಲ್ಲ ಹಾಕಿದೆ. ಕೂದಲು ಬಾಚಿದೆ, ಇಸ್ತ್ರಿ ಮಾಡಿದ ಕಾಲರು ಹಾಕಿದೆ, ಮೈಬಣ್ಣ ಒಂದು ಸುತ್ತು ತಿಳಿ ಮಾಡಿದೆ. ಅದು ಅವನೇ ಎಂದು ಯಾರಾದರೂ ಹೇಳುವಂತಿತ್ತು.

ಆ ತಾಯಿ ಬಂದು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. “ಚೆಂದಾಗೈತೆ ಕಣಪ್ಪ” ಎಂದರು. ಆಮೇಲೆ ಎಡಹುಬ್ಬಿನ ಮೇಲೆ ಬೆರಳಿಟ್ಟು, “ಇಲ್ಲಿ ಇತ್ತಲ್ಲ?” ಎಂದರು.

ಗಾಯದ ಗುರುತು. ಒಂಬತ್ತನೇ ಕ್ಲಾಸಿನಲ್ಲಿ ಈ ಹುಣಸೆಮರದಿಂದ, ಇದೇ ಮರದಿಂದ ಬಿದ್ದು ಆದದ್ದು. ರಕ್ತ ಒರೆಸಿದವನು ನಾನೇ. ನನಗೆ ಮರೆತಿರಲಿಲ್ಲ, ಅದು ಇನ್ನೂ ಕೆಟ್ಟದ್ದು. ನೆನಪಿದ್ದೂ ಕೈ ಅದನ್ನು ಬಿಟ್ಟಿತ್ತು. ಕಲೆ ಕಂಡರೆ ಅಳಿಸುವುದು ಕೈಗೆ ರೂಢಿಯಾಗಿತ್ತು.

“ಈಗಲೇ ಹಾಕಿಕೊಡ್ತೀನಿ ಅವ್ವ” ಎಂದು ಬ್ರಷ್ ತೆಗೆದುಕೊಂಡು ಅವರೆದುರಿಗೇ ಐದು ನಿಮಿಷದಲ್ಲಿ ಹಾಕಿದೆ. ಚೆನ್ನಾಗಿಯೇ ಬಂತು. ಅವರು ನೋಡಿ ಹೇಳಿದರು: “ಮೊದ್ಲೇ ಇದ್ದಿದ್ರೆ ಅವನೇ ಅನ್ಕತಿದ್ದೆ ಕಣ್ ಮಗ. ಈಗ ನೀ ಬರ್ದಿದ್ದು ಅಂತ ಗೊತ್ತಾಗೋಯ್ತಲ್ಲ.” ದುಡ್ಡು ಬೇಡವೆಂದರೂ ಕೊಟ್ಟು, ಸೆರಗಿನಲ್ಲಿ ಸುತ್ತಿಕೊಂಡು ಹೋದರು. ಆ ಫೋಟೋ ಇನ್ನೂ ಅವರ ಮನೆಯ ನಡುಮನೆಯ ಗೋಡೆಯ ಮೇಲಿದೆ. ಆ ಕಡೆ ಹೋದರೆ ನಾನು ಜಗಲಿಯಲ್ಲೇ ಕೂತು ಬರುತ್ತೇನೆ.

ಅದಾದ ಮೇಲೆ ಪೆನ್ಸಿಲ್ ಹಿಡಿಯುವುದು ಕಷ್ಟವಾಯಿತು. ಹಿಡಿದೆ, ಹೊಟ್ಟೆಪಾಡು. ಆದರೆ ಯಜಮಾನರ ಬೆನ್ನು ಹತ್ತಿದೆ: ಕ್ಯಾಮೆರಾ ಕಲಿಸಿ ಎಂದು. ಅವರಿಗೆ ಇಷ್ಟವಿರಲಿಲ್ಲ. ತೆಗೆಯುವವರು ಬೇಕಾದಷ್ಟು ಸಿಗುತ್ತಾರೆ, ತಿದ್ದುವವರು ಸಿಗುವುದಿಲ್ಲ ಅನ್ನುವುದು ಅವರ ಲೆಕ್ಕ. ಕೊನೆಗೆ ಒಂದು ಷರತ್ತು ಹಾಕಿದರು, ಸಂಬಳದಲ್ಲಿ ಕಡಿತ. ಒಪ್ಪಿದೆ.

ಎರಡು ಕಣ್ಣಿನ ಯಾಶಿಕಾ ಕ್ಯಾಮೆರಾ. ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ಗಾಜಿನ ಮೇಲೆ ಚಿತ್ರ ಎಡಬಲ ಅದಲುಬದಲಾಗಿ ಕಾಣುತ್ತದೆ. ಎಲ್ಲರೂ ಮೊದಮೊದಲು ಎಡವುತ್ತಾರೆ, ಮನುಷ್ಯ ಬಲಕ್ಕೆ ಹೋದರೆ ಕ್ಯಾಮೆರಾವನ್ನು ತಪ್ಪು ಕಡೆ ತಿರುಗಿಸುತ್ತಾರೆ. ನನಗೆ ಒಂದು ದಿನವೂ ತೊಡಕಾಗಲಿಲ್ಲ. ಅಂಗಡಿಗಳ ಗಾಜಿನ ಮೇಲೆ ಒಳಗಿನಿಂದ ಅಕ್ಷರ ಹಿಂದುಮುಂದಾಗಿ ಬರೆದು ಅಭ್ಯಾಸವಿತ್ತಲ್ಲ! ರೋಲಿಗೆ ಹನ್ನೆರಡೇ ಫೋಟೋ. ಒಂದು ಹೋದರೆ ಹೋಯಿತು. ಹಾಗಾಗಿ ಒತ್ತುವ ಮುಂಚೆ ಚೆಂಬು ನೋಡಿದ ಹಾಗೆ ನೋಡುತ್ತಿದ್ದೆ.

ಜಂಬ ಬಂತು. ಬಂದ ಕೂಡಲೇ ಇಳಿಯಿತು. ಒಂದು ಮದುವೆಗೆ ಮೂವತ್ತಾರು ಫೋಟೋದ ಸಣ್ಣ ಕ್ಯಾಮೆರಾ ತೆಗೆದುಕೊಂಡು ಹೋಗಿದ್ದೆ. ಫಿಲ್ಮಿನ ತುದಿ ಸುರುಳಿಗೆ ಸಿಕ್ಕಿಕೊಂಡಿರಲಿಲ್ಲ. ನಾನು ಸನ್ನೆ ಎಳೆಯುತ್ತಿದ್ದೆ, ನಂಬರು ಏರುತ್ತಿತ್ತು, ಫಿಲ್ಮು ಮಾತ್ರ ಇದ್ದಲ್ಲೇ ಇತ್ತು. ಮುಹೂರ್ತ, ಧಾರೆ, ತಾಳಿ, ಎಲ್ಲವನ್ನೂ ತೆಗೆದೆ, ಯಾವುದೂ ಬರಲಿಲ್ಲ. ಹಾರ ಮತ್ತೆ ಹಾಕಿಸಬಹುದು, ತಾಳಿ ಮತ್ತೆ ಕಟ್ಟಿಸಲು ಆಗುತ್ತದೆಯೇ? ಹೆಣ್ಣಿನ ತಂದೆಯ ಮನೆಗೆ ಹೋಗಿ ಕಾಲಿಗೆ ಬಿದ್ದೆ. ಅವರು ಬೈಯಲಿಲ್ಲ, ಕಾಫಿ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ರಿವೈಂಡ್ ಗುಂಡಿ ತಾನಾಗಿ ತಿರುಗುತ್ತಿದೆಯೇ ಎಂದು ನೋಡದೆ ನಾನು ಎರಡನೇ ಫೋಟೋ ತೆಗೆದದ್ದಿಲ್ಲ.

ನನ್ನನ್ನು ಈ ವೇದಿಕೆಗೆ ಕರೆತಂದ ಕೆಲಸ, ದೇವಸ್ಥಾನಗಳ ಫೋಟೋ, ಅದೂ ಚಿತ್ರ ಬರೆಯಲು ಹೋಗಿಯೇ ಸಿಕ್ಕಿತು. 1993ರ ಸುಮಾರಿಗೆ ಒಬ್ಬ ಅಧ್ಯಾಪಕರು ನಮ್ಮ ಕಡೆಯ ಗುಡಿಗಳ ಮೇಲೆ ಪ್ರಬಂಧ ಬರೆಯುತ್ತಿದ್ದರು. ಶಿಲ್ಪಗಳ ರೇಖಾಚಿತ್ರ ಬರೆದುಕೊಡಲು ಕರೆದರು. ಒಂದು ಗುಡಿಯಲ್ಲಿ ನಾನು ಮತ್ತೆ ಹಳೆಯ ಚಾಳಿ ತೋರಿಸಿದೆ: ಮುಕ್ಕಾಗಿದ್ದ ಬೆರಳುಗಳನ್ನು ಚಿತ್ರದಲ್ಲಿ ಪೂರ್ತಿ ಮಾಡಿಬಿಟ್ಟಿದ್ದೆ. ಅವರು ಕನ್ನಡಕ ಏರಿಸಿ, “ಮುರಿದಿದ್ದರೆ ಮುರಿದ ಹಾಗೇ ಬೇಕಪ್ಪ. ನೀವು ಫೋಟೋನೂ ತೆಗೀತೀರಲ್ಲ, ಅದನ್ನೇ ತೆಗೆದುಕೊಡಿ” ಎಂದರು. ನನಗೆ ಆ ತಾಯಿಯ ಬೆರಳು ನೆನಪಾಯಿತು.

ಅರಳಗುಪ್ಪೆಯ ಕಲ್ಲೇಶ್ವರ ಗುಡಿ ನಮ್ಮ ತಾಲ್ಲೂಕಿನಲ್ಲೇ ಇದೆ. ಎಷ್ಟು ಜನ ತಲೆಯೆತ್ತಿ ನೋಡಿದ್ದೀರಿ? ಒಳಗಿನ ಚಾವಣಿಯಲ್ಲಿ ಕುಣಿಯುವ ಶಿವ, ಸುತ್ತ ದಿಕ್ಪಾಲಕರು. ಸಾವಿರ ವರ್ಷಕ್ಕೂ ಹಳೆಯದು. ಒಳಗೆ ಕತ್ತಲು. ಫ್ಲ್ಯಾಶ್ ಹೊಡೆದರೆ ಶಿವನೂ ದಿಕ್ಪಾಲಕರೂ ರೊಟ್ಟಿಯ ಹಾಗೆ ಚಪ್ಪಟೆ. ಎರಡು ಸಲ ಹೋಗಿ ಬರಿಗೈಯಲ್ಲಿ ಬಂದೆ. ಮೂರನೇ ಸಲ ಕ್ಷೌರದಂಗಡಿಯಿಂದ ಒಂದು ದೊಡ್ಡ ಕನ್ನಡಿ ಎರವಲು ತೆಗೆದುಕೊಂಡು ಹೋದೆ. ಹೊರಗೆ ಬಿಸಿಲಿನಲ್ಲಿ ಒಬ್ಬ ಹುಡುಗನ ಕೈಯಲ್ಲಿ ಕನ್ನಡಿ ಹಿಡಿಸಿ ಬೆಳಕನ್ನು ಬಾಗಿಲಿನಿಂದ ಒಳಗೆ ತೂರಿಸಿ, ಒಳಗೆ ನಮ್ಮಪ್ಪನ ಬಿಳಿ ಪಂಚೆ ಓರೆಯಾಗಿ ಕಟ್ಟಿ ಅದರ ಮೇಲೆ ಬೀಳಿಸಿದೆ. ಪಂಚೆಯಿಂದ ಬೆಳಕು ಮೆತ್ತಗೆ ಒಂದು ಪಕ್ಕದಿಂದ ಚಾವಣಿಗೆ ಏರಿತು. ನೆಲದ ಮೇಲೆ ಅಂಗಾತ ಮಲಗಿ ನೋಡಿದರೆ ಕಲ್ಲಿಗೆ ಮೈ ಬಂದಿತ್ತು. ನಾಟಕದ ಸೈಡ್‌ವಿಂಗ್ ನೆನಪಾಯಿತು, ಪಕ್ಕದಿಂದ ಬೆಳಕು ಬಿದ್ದ ಕರ್ಣ. ಶಟರ್ ತೆರೆದು ಬಾಯಲ್ಲಿ ಎಂಟರವರೆಗೆ ಎಣಿಸಿ ಮುಚ್ಚಿದೆ.

ಆ ಫೋಟೋ ನೋಡಿದವರು ಇನ್ನೊಬ್ಬರಿಗೆ ಹೇಳಿದರು, ಅವರು ಮತ್ತೊಬ್ಬರಿಗೆ. ಹಾಗೆ ಮೂವತ್ತು ವರ್ಷ ಗುಡಿಯಿಂದ ಗುಡಿಗೆ ಅಲೆದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯವಿದೆ. ಅಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿ ತನ್ನ ಮೂರ್ತಿಗಳ ಕೆಳಗೆ ಹೆಸರು ಕೆತ್ತಿಟ್ಟಿದ್ದಾನೆ. ನೋಡಿದಾಗ ನಗು ಬಂತು, ಸಂತೋಷವೂ ಆಯಿತು. ನಾವು ಬೋರ್ಡಿನ ಮೂಲೆಯಲ್ಲಿ ಸಣ್ಣದಾಗಿ ಹೆಸರು ಬರೆಯುತ್ತಿದ್ದೆವಲ್ಲ, ಅದೇ ಬುದ್ಧಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಫೋಟೋ ತೆಗೆದೇ 1977ರಲ್ಲಿ ಪದ್ಮಶ್ರೀ ಪಡೆದವರು. ಅವರ ಚಿತ್ರಗಳನ್ನು ನೋಡಿ, ಮನುಷ್ಯರನ್ನು ಹೀಗೆ ಹತ್ತಿರದಿಂದ ಇದ್ದ ಹಾಗೇ ತೆಗೆಯಲು ನನಗೆ ಯಾಕೆ ಧೈರ್ಯ ಬರಲಿಲ್ಲ ಎಂದು ಯೋಚಿಸುತ್ತಿರುತ್ತೇನೆ. ಕಲ್ಲಿನ ಶಿವ “ಇಲ್ಲಿ ಇತ್ತಲ್ಲ?” ಎಂದು ಕೇಳುವುದಿಲ್ಲ. ಅದಕ್ಕೇ ಇರಬಹುದು.

ದುಡ್ಡಿನ ವಿಷಯ ಕೇಳುತ್ತೀರಿ, ಮಕ್ಕಳ ತಂದೆತಾಯಿಗಳಂತೂ ಖಂಡಿತ ಕೇಳುತ್ತಾರೆ. ಗುಡಿಯ ಫೋಟೋ ಹೆಸರು ಕೊಟ್ಟಿತು, ಅನ್ನ ಕೊಟ್ಟದ್ದು ಮದುವೆ ಮತ್ತು ಪಾಸ್‌ಪೋರ್ಟ್ ಸೈಜು. ಕಲರ್ ಲ್ಯಾಬು ಬಂದಾಗ ಕಪ್ಪುಬಿಳುಪು ಹೋಯಿತು, ಡಿಜಿಟಲ್ ಬಂದಾಗ ಲ್ಯಾಬು ಹೋಯಿತು. 2012ರಲ್ಲಿ ಕೊಡಾಕ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು ಎಂದು ಓದಿದ ದಿನ ನನ್ನ ಕತ್ತಲ ಕೋಣೆಗೆ ಹೋಗಿ ಸುಮ್ಮನೆ ಕೂತು ಬಂದೆ. ಈಗ ಅದರಲ್ಲಿ ಕೊಬ್ಬರಿ ಮೂಟೆ ಇಟ್ಟಿದ್ದೇವೆ. ಮೂರು ಸಲ ಕಸುಬನ್ನು ಮೊದಲಿನಿಂದ ಕಲಿಯಬೇಕಾಯಿತು. ಚೆಂಬು ನೋಡುವುದನ್ನು ಮಾತ್ರ ಮತ್ತೆ ಕಲಿಯಬೇಕಾಗಲಿಲ್ಲ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಎಲ್ಲರೂ ಫೋಟೋಗ್ರಾಫರುಗಳೇ. ಅದು ನನಗೆ ಬೇಸರವಲ್ಲ. ಬದುಕಿದ್ದಾಗ ಒಂದೂ ಫೋಟೋ ಇಲ್ಲದೆ ಯಾರೂ ಸಾಯುವುದಿಲ್ಲವಲ್ಲ, ಅದು ದೊಡ್ಡದು. ಒಂದೇ ತಕರಾರು. ಮೊನ್ನೆ ನನ್ನ ಮೊಮ್ಮಗಳು ನನ್ನದೊಂದು ಫೋಟೋ ತೆಗೆದು ತೋರಿಸಿದಳು. ನನ್ನ ಸುಕ್ಕು ಮಾಯ, ಕೆನ್ನೆ ಗುಲಾಬಿ. “ಅದೇ ಮಾಡ್ಕೊಳತ್ತೆ ತಾತ” ಎಂದಳು. ನಾನು ಎಂಟು ದಿನ ಕೂತು ಮಾಡಿದ ತಪ್ಪನ್ನು ಆ ಯಂತ್ರ ಯಾರೂ ಕೇಳದೆಯೇ ಮಾಡಿ ಮುಗಿಸಿತ್ತು. ಸೆಟ್ಟಿಂಗಿನಲ್ಲಿ ಅದನ್ನು ಆಫ್ ಮಾಡುವುದು ಎಲ್ಲಿ ಎಂದು ಅವಳಿಂದ ಕೇಳಿ ಕಲಿತುಕೊಂಡೆ. ನಿಮಗೂ ಯಾರಿಗಾದರೂ ಬೇಕಿದ್ದರೆ ಆಮೇಲೆ ತೋರಿಸುತ್ತೇನೆ.

ಕೊನೆಗೆ ಒಂದು ಕೆಲಸದ ಮಾತು. ಮುಖ್ಯೋಪಾಧ್ಯಾಯಿನಿಯವರು ಸುವರ್ಣ ಮಹೋತ್ಸವದ ಗ್ರೂಪ್ ಫೋಟೋ ತೆಗೆದುಕೊಡಿ ಎಂದಿದ್ದಾರೆ. ತೆಗೆಯುತ್ತೇನೆ. ಅದರ ಜೊತೆಗೆ, ಅವರ ಒಪ್ಪಿಗೆ ಪಡೆದು, ನಾಳೆ ಪ್ರತಿಯೊಬ್ಬ ವಿದ್ಯಾರ್ಥಿಯದೂ ಬೇರೆ ಬೇರೆ ಒಂದೊಂದು ಫೋಟೋ ತೆಗೆಯುತ್ತೇನೆ. ಒಂದು ಪ್ರತಿ ನಿಮ್ಮ ಮನೆಗೆ, ಒಂದು ಶಾಲೆಯ ಬೀರುವಿಗೆ. ಕಾಗದದ ಮೇಲೆ ಪ್ರಿಂಟು ಹಾಕಿಸಿ ಕೊಡುತ್ತೇನೆ, ಫೋನಿನಲ್ಲಿ ಕಳಿಸಿ ಕೈತೊಳೆದುಕೊಳ್ಳುವುದಿಲ್ಲ. ದುಡ್ಡು ಬೇಡ.

ಬೆಳಿಗ್ಗೆ ಎಂಟೂವರೆಯಿಂದ ಹತ್ತರವರೆಗೆ ಹುಣಸೆಮರದ ಕೆಳಗೆ ಒಂದು ಕುರ್ಚಿ ಹಾಕಿರುತ್ತೇನೆ. ಆ ಹೊತ್ತಿಗೆ ಬಿಳಿ ಗೋಡೆಯಿಂದ ಬೆಳಕು ಚೆನ್ನಾಗಿ ವಾಪಸು ಬರುತ್ತದೆ. ಎಂಟನೇ ತರಗತಿಯವರು ಮೊದಲು ಬನ್ನಿ. ಪೌಡರ್ ಹಾಕಿಕೊಂಡು ಬರಬೇಡಿ. ಕನ್ನಡಕ ಇರುವವರು ಹಾಕಿಕೊಂಡೇ ಬನ್ನಿ. ಗಾಯದ ಗುರುತು ಇರುವವರು ಕೂದಲು ಮುಂದೆ ಬಾಚಿ ಮುಚ್ಚಿಕೊಳ್ಳಬೇಡಿ. ಪಕ್ಕದಲ್ಲಿ ನಿಂತವರು ಕಚಗುಳಿ ಇಟ್ಟರೂ ಪರವಾಗಿಲ್ಲ, ಈಗಿನ ಶಟರ್ ಬಹಳ ಬೇಗ ಮುಚ್ಚಿಕೊಳ್ಳುತ್ತದೆ.